ಒಳ್ಳೆಯ ರಕ್ತ

ಅರ್ಡೆಲ್ಲಾ ಟಬ್ಸ್‌ಗೆ ಇಬ್ಬರು ಮಕ್ಕಳು. ಮಗನದು ಕೆಟ್ಟ ರಕ್ತ, ಮಗಳದು ಒಳ್ಳೆಯ ರಕ್ತ. ಮೆರಿಡಿಯನ್ ಊರಿನಲ್ಲಿ, ರೈಲುಹಳಿಯಿಂದ ಈಚೆಗಿರುವ ನಮ್ಮ ಓಣಿಗಳಲ್ಲಿ, ಇದು ಯಾರನ್ನೂ ಕೇಳಿ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಮಗ ಟೆರೆಲ್‌ಗೆ ಸಿಕಲ್ ಕಾಯಿಲೆ. ದುಂಡಗೆ, ಮೆತ್ತಗೆ ಇರಬೇಕಾದ ರಕ್ತಕಣಗಳು ಅವನ ಮೈಯಲ್ಲಿ ಕುಡುಗೋಲಿನಂತೆ ಬಾಗಿ ಸೆಟೆದು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಸಿಕ್ಕಿಕೊಂಡ ಕಡೆ ಮೂಳೆಯೇ ಸುಡುವಂಥ ನೋವು. ಉಳಿದ ಕಣಗಳೂ ಬಾಳುತ್ತಿರಲಿಲ್ಲ, ಬೇಗ ಒಡೆದುಹೋಗುತ್ತಿದ್ದವು. ಹಾಗಾಗಿ ಅವನ ರಕ್ತ ಸದಾ ನೀರುನೀರು, ಕಣ್ಣು ಹಳದಿ. ತಣ್ಣನೆಯ ಗಾಳಿ ಬೀಸಿದರೆ ಅರ್ಡೆಲ್ಲಾ ಕಂಬಳಿ ಹಿಡಿದು ಓಡಿಬರುತ್ತಿದ್ದಳು. ಲೋಟಗಟ್ಟಲೆ ನೀರು ಕುಡಿಸುತ್ತಿದ್ದಳು, ಮಂಡಿಗೆ ಬಿಸಿ ಬಟ್ಟೆ ಕಟ್ಟುತ್ತಿದ್ದಳು, ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡುವುದನ್ನು ಕಲಿತಿದ್ದಳು. ಅಷ್ಟೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಅವನು ಇಪ್ಪತ್ತಾರಕ್ಕೇ ಹೋಗಿಬಿಟ್ಟ.

ಮಗಳು ವರ್ನಿಟಾಗೆ ಬಂದದ್ದು ಅದೇ ಕಾಯಿಲೆಯ ಇನ್ನೊಂದು ಬಗೆ. ತಾಯಿಯಿಂದ ಒಂದು ಗುಣ, ತಂದೆಯಿಂದ ಒಂದು ಗುಣ ಬರುತ್ತದಲ್ಲ, ಟೆರೆಲ್‌ಗೆ ಬಂದವು ಎರಡೂ ಕುಡುಗೋಲೇ. ಇವಳಿಗೆ ಬಂದದ್ದು ಒಂದು ಕುಡುಗೋಲು, ಇನ್ನೊಂದು ‘ಸಿ’ ಎಂಬ ಬೇರೆ ದೋಷ. "ಇದು ಹಗುರದ್ದು" ಎಂದು ಅವಳು ಕೈಗೂಸಾಗಿದ್ದಾಗ ಯಾರೋ ಹೇಳಿದ್ದರು. ಹಗುರ ಎಂದದ್ದು ಅರ್ಡೆಲ್ಲಾಳ ಮನಸ್ಸಿನಲ್ಲಿ ಅರ್ಧ ಎಂದಾಯಿತು. ಅರ್ಧ ಎಂಬುದು ವರ್ಷ ಕಳೆದಂತೆ ಏನೂ ಇಲ್ಲ ಎಂದಾಯಿತು. ವರ್ನಿಟಾಗೂ ಆಗೊಮ್ಮೆ ಈಗೊಮ್ಮೆ ಮೊಣಕಾಲು ಹಿಡಿಯುತ್ತಿತ್ತು. ಅತ್ತರೆ ತಾಯಿ ಒಳಗಿನಿಂದಲೇ ಗದರುತ್ತಿದ್ದಳು: "ನಿಂಗಿರೋದು ಅರ್ಧ ಕಾಯಿಲೆ, ಪೂರ್ತಿ ಯಾಕೆ ಕಿರುಚ್ತೀಯ?"

ಅಳುವ ಮಗುವಿಗೇ ಹಾಲು ಎಂಬ ಮಾತು ಸುಳ್ಳೇನಲ್ಲ, ಆದರೆ ಆ ಮನೆಯಲ್ಲಿ ಅಳುವ ಹಕ್ಕು ಒಬ್ಬನಿಗೇ ಇತ್ತು. ವರ್ನಿಟಾ ಅಳದಿರುವುದನ್ನು ಕಲಿತಳು. ಅಣ್ಣ ಸತ್ತ ಮೇಲಂತೂ ಮೈಯಲ್ಲಿ ಏನಾದರೂ ಕುಂದಿದೆ ಎಂದು ಬಾಯಿಬಿಡುವುದೇ ಅವನಿಗೆ ಮಾಡಿದ ಅವಮಾನ ಎಂದು ಅವಳಿಗೆ ಅನ್ನಿಸುತ್ತಿತ್ತು. ನಲವತ್ತರ ಹತ್ತಿರ ಬಂದರೂ ಆ ಅಭ್ಯಾಸ ಹೋಗಿರಲಿಲ್ಲ.

ಅದಕ್ಕೇ ಎಡಗಣ್ಣಿನಲ್ಲಿ ಮಸಿ ಬೀಳತೊಡಗಿದಾಗ ಅವಳು ಯಾರಿಗೂ ಹೇಳಲಿಲ್ಲ.

ಊರಿಗೆ ಗೊತ್ತಾದದ್ದು ಒಂದು ಭಾನುವಾರ, ಚರ್ಚಿನಲ್ಲಿ. ವರ್ನಿಟಾ ಅಲ್ಲಿ ಅಷರ್. ಬಿಳಿ ಕೈಗವಸು ತೊಟ್ಟು ನಡುದಾರಿಯಲ್ಲಿ ನಿಂತು, ಬಂದವರನ್ನು ಕೂರಿಸಿ, ಕಾಣಿಕೆ ತಟ್ಟೆ ಹಿಡಿಯುವ ಕೆಲಸ. ಅಷರುಗಳು ಆರಾಧನೆಯ ನಡುವೆ ತುಟಿ ಎರಡು ಮಾಡುವಂತಿಲ್ಲ. ಎಲ್ಲ ಕೈಸನ್ನೆಯಲ್ಲೇ. ಕೈ ಬೆನ್ನ ಹಿಂದೆ ಹೋದರೆ ನಿಲ್ಲು, ಎದೆಯ ಮೇಲೆ ಬಂದರೆ ನಡೆ. ಆಚೆ ಬದಿಯಿಂದ ಸನ್ನೆ ಮಾಡುವವಳು ಸಿಸ್ಟರ್ ಲೂಡಿ, ಇಡೀ ತಂಡದ ಯಜಮಾನಿ. ಆ ದಿನ ಅವಳ ಕೈ ಬೆನ್ನ ಹಿಂದಿತ್ತು. ವರ್ನಿಟಾಳ ಕಣ್ಣಿನಲ್ಲಿ ಲಾಂದ್ರದ ಹೊಗೆಯಂಥದೊಂದು ಎಳೆ ತೇಲಿಬಂದು ಲೂಡಿಯ ಕೈಯನ್ನು ನುಂಗಿತು. ಕೈ ಎದೆಯ ಮೇಲಿದೆ ಎಂದುಕೊಂಡು ಅವಳು ತಟ್ಟೆ ಹಿಡಿದು ನಡೆದೇಬಿಟ್ಟಳು. ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದರು. ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮಲ್ಲಿ ನೊಣವೂ ಹಾರುವುದಿಲ್ಲ. ಅವಳ ಹೆಜ್ಜೆಯ ಸದ್ದಿಗೆ ಇಡೀ ಸಭೆ ಒಂದು ಕಣ್ಣು ತೆರೆದು ನೋಡಿತು.

ಮುಗಿದ ಮೇಲೆ ಲೂಡಿ ಕೈಗವಸು ಕಳಚುತ್ತಾ ಬಂದಳು. "ಏನಮ್ಮಾ, ನಿನ್ನೆ ಸಂಜೆ ಯಾರ ಜೊತೆ ಕೂತಿದ್ದೆ? ಬಾಟ್ಲಿ ಎಷ್ಟು ದೊಡ್ಡದಿತ್ತು?"

"ಕಾಣಿಸ್ಲಿಲ್ಲ ಸಿಸ್ಟರ್, ತಪ್ಪಾಯ್ತು."

"ಕಾಣಿಸ್ಲಿಲ್ವಂತೆ! ರೂಫಸ್‌ನ ಮಗಳು ಅನ್ನೋದು ಇವತ್ತು ಗೊತ್ತಾಯ್ತು ನೋಡು. ಅವನೂ ಹಿಂಗೇ ಅಂತಿದ್ದ, ಕಂಬಕ್ಕೆ ಗುದ್ದಿ."

ಸುತ್ತಲಿದ್ದವರು ನಕ್ಕರು. ರೂಫಸ್ ವರ್ನಿಟಾಳ ಅಪ್ಪ. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಕಳ್ಳಭಟ್ಟಿ ಕುಡಿದು ಕುಡಿದು ಕಣ್ಣು ಕಳೆದುಕೊಂಡ ಎಂದು ಊರೆಲ್ಲ ಬಲ್ಲದು. ವರ್ನಿಟಾ ಮೂರನೆಯ ತರಗತಿಯಲ್ಲಿದ್ದಾಗ ಅರ್ಡೆಲ್ಲಾ ಅವನನ್ನು ಮನೆಯಿಂದ ಹೊರಹಾಕಿದಳು. ಅವನು ಮೊಬೀಲ್ ಊರಿನ ಅಕ್ಕನ ಮನೆ ಸೇರಿ ಅಲ್ಲೇ ಸತ್ತ. ಮಣ್ಣಿಗೂ ಇವರ್ಯಾರೂ ಹೋಗಲಿಲ್ಲ. "ಕುಡುಕನ ಕಣ್ಣು ದೇವರೇ ಕಿತ್ತುಕೊಂಡ" ಎಂಬುದು ಆ ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆಯಷ್ಟೇ ರೂಢಿಯ ಮಾತು.

ಅರ್ಡೆಲ್ಲಾ ಚರ್ಚಿನ ನರ್ಸುಗಳಿಗೆ ಹಿರಿಯಳು. ಓದಿದ ನರ್ಸಲ್ಲ. ಹಾಡು ಏರಿ, ಪವಿತ್ರಾತ್ಮ ಮೈದುಂಬಿ ಯಾರಾದರೂ ಉರುಳಿದರೆ ಬೀಸಣಿಗೆ ಬೀಸುವುದು, ಕಾಲ ಮೇಲೆ ಬಟ್ಟೆ ಹೊದಿಸುವುದು, ನೀರು ಕೊಡುವುದು. ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಬೂಟು. ಆ ವೇಷದಲ್ಲಿ ನಲವತ್ತು ವರ್ಷ ನಿಂತವಳಿಗೆ ವೈದ್ಯವೂ ತಾನೇತಾನಾಗಿ ಬಂದಿತ್ತು. ನಮ್ಮ ಹಿರಿಯರ ವೈದ್ಯದಲ್ಲಿ ರಕ್ತಕ್ಕೆ ಎರಡೇ ರೋಗ, ಏರುವುದು ಮತ್ತು ಇಳಿಯುವುದು. ಏರಿದರೆ ಉಪ್ಪಿನಕಾಯಿ ನೀರು, ವಿನೆಗರು. ಇಳಿದರೆ ಬೀಟ್‌ರೂಟು, ಲಿವರ್ರು, ಕಬ್ಬಿಣದ ಟಾನಿಕ್ಕು. ತಲೆ ತಿರುಗಿ ಕಣ್ಣ ಮುಂದೆ ಚುಕ್ಕೆ ಕುಣಿದರೆ ರಕ್ತ ಇಳಿದಿದೆ ಎಂದೇ ಅರ್ಥ, ಇನ್ನೊಂದು ಮಾತಿಲ್ಲ.

"ರಕ್ತ ಇಳ್ದಿದೆ ಕಣೇ ನಿಂಗೆ" ಎಂದಳು ಅರ್ಡೆಲ್ಲಾ, ಮನೆಗೆ ಬಂದವಳೇ ಬಾಣಲೆ ಒಲೆಯ ಮೇಲಿಡುತ್ತಾ. "ಕಾಲೇಜು, ಕೆಲಸ ಅಂತ ತಿನ್ನೋದೇ ಬಿಟ್ಟಿದೀಯ. ಕೂತ್ಕೋ."

"ಅಮ್ಮ, ಮಸಿ ಥರ ತೇಲುತ್ತೆ. ಎಡಗಣ್ಣಲ್ಲಿ ಮಾತ್ರ."

"ಇಳ್ದಾಗ ಹಂಗೇ. ಚಿಕ್ಕವಳಿದ್ದಾಗ್ಲಿಂದ ನಾನು ಬೆಳೆಸಿರೋ ರಕ್ತ ಅದು, ನಿರ್ಲಕ್ಷ್ಯ ಮಾಡ್ದೆ ನೀನು."

ಅದು ನಿಜ. ಟೆರೆಲ್‌ನ ನೀರುರಕ್ತ ನೋಡಿ ಹೆದರಿದ್ದ ತಾಯಿ, ಮಗಳಿಗಾದರೂ ಗಟ್ಟಿ ರಕ್ತ ಕಟ್ಟಬೇಕೆಂದು ಹಟ ತೊಟ್ಟು ಹತ್ತಾರು ವರ್ಷ ಲಿವರ್ರು, ಕಪ್ಪು ಬೆಲ್ಲದ ಪಾಕ, ಟಾನಿಕ್ಕು ಸುರಿದಿದ್ದಳು. ಶಾಲೆಯಲ್ಲಿ ಬೆರಳು ಚುಚ್ಚಿ ನೋಡಿದವರು "ಒಳ್ಳೆ ರಕ್ತ" ಎಂದಾಗ ಅರ್ಡೆಲ್ಲಾ ಚರ್ಚಿನಲ್ಲಿ ಎದ್ದು ನಿಂತು ಇದು ದೇವರ ಉಪಕಾರವೆಂದು ಸಾಕ್ಷಿ ಹೇಳಿದ್ದಳು. ಈಗ ಅದೇ ಪಥ್ಯ ಮತ್ತೆ ಶುರುವಾಯಿತು. ಈರುಳ್ಳಿ ಹಾಕಿ ಹುರಿದ ಲಿವರ್ರಿನ ತಟ್ಟೆಯ ಮುಂದೆ ವರ್ನಿಟಾ ತಲೆ ತಗ್ಗಿಸಿ ಕೂತಳು. ತನಗಾಗಿ ತಾಯಿ ಒಲೆಯ ಮುಂದೆ ನಿಂತಿದ್ದು ಅವಳಿಗೆ ಎಷ್ಟು ಹಿತವಾಯಿತೆಂದರೆ, ಕಣ್ಣಿನ ಮಾತು ಮತ್ತೆ ಎತ್ತಲಿಲ್ಲ.

ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಒಂದಿದೆ. ವರ್ನಿಟಾ ಆ ಹೊತ್ತಿಗೆ ನರ್ಸಿಂಗ್ ಓದುತ್ತಿದ್ದಳು. ಹಗಲು ವೃದ್ಧಾಶ್ರಮದಲ್ಲಿ ಮುದುಕರ ಆರೈಕೆ, ಸಂಜೆ ಕಾಲೇಜು. ಆ ತಿಂಗಳ ಪಾಠವೇ ರೋಗ ಮೈಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದು. ಮೊದಲು ರಕ್ತದ ಅಧ್ಯಾಯ ಬಂತು. ರಕ್ತ ಕಡಿಮೆಯಾದರೆ ಏನು, ಹೆಪ್ಪುಗಟ್ಟಿದರೆ ಏನು, ಕುಡುಗೋಲಾದರೆ ಏನು. ಕುಡುಗೋಲಿನ ಪುಟದಲ್ಲಿ ಅವಳಿಗೆ ಅಣ್ಣ ಕಂಡ, ತಾನು ಕಾಣಲಿಲ್ಲ. ಆಮೇಲೆ ಕಣ್ಣಿನ ಅಧ್ಯಾಯ ಬಂತು. ಕಣ್ಣಪೊರೆ, ಕಣ್ಣೊಳಗಿನ ಒತ್ತಡ, ಹಿಂಬದಿಯ ತೆಳುಪರದೆ ಕಿತ್ತು ಬರುವುದು. ಮಸಿ ತೇಲಿದರೆ, ಮಿಂಚು ಹೊಡೆದರೆ, ಕೊನೆಗೆ ಪರದೆ ಎಳೆದ ಹಾಗೆ ಕಪ್ಪು ಇಳಿದರೆ ಕೂಡಲೇ ಆಸ್ಪತ್ರೆಗೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಳು. ಬರೆಯುವಾಗ ಅವಳ ಎಡಗಣ್ಣಿನಲ್ಲಿ ಮಸಿ ತೇಲುತ್ತಲೇ ಇತ್ತು. ರಕ್ತದ ಪಾಠ ರಕ್ತದ ವಾರಕ್ಕೆ ಮುಗಿದಿತ್ತು, ಕಣ್ಣಿನ ಪಾಠ ಕಣ್ಣಿನ ವಾರಕ್ಕೆ. ಎರಡರ ನಡುವಿನ ಬಾಗಿಲನ್ನು ಯಾರೂ ತೆರೆದು ತೋರಿಸಲಿಲ್ಲ. ಅವಳೂ ತಳ್ಳಿ ನೋಡಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಕಣ್ಣಿನ ಹುಣ್ಣಿಗೆ ಮಾತ್ರ ಬೇಕಾಗುತ್ತದೆ.

ಪರದೆ ಮುಚ್ಚಿದ್ದು ವೃದ್ಧಾಶ್ರಮದಲ್ಲಿ. ಒಬ್ಬ ಅಜ್ಜನಿಗೆ ಗಂಜಿ ತಿನ್ನಿಸುತ್ತಿದ್ದಳು. ಎಡಗಡೆಯ ಕೆಳಮೂಲೆಯಿಂದ ಕಪ್ಪು ಮೇಲಕ್ಕೆ ಏರಿ ಅಜ್ಜನ ಗಲ್ಲವನ್ನು, ಬಾಯನ್ನು, ಚಮಚವನ್ನು ಮುಚ್ಚಿತು. ಅವಳು ಬಲಗಣ್ಣಿನಲ್ಲೇ ಗಂಜಿ ತಿನ್ನಿಸಿ ಮುಗಿಸಿ, ಬಟ್ಟಲು ತೊಳೆದಿಟ್ಟು, ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವಳಿಗೆ ನಿಜವಾಗಿಯೂ ಭಯವಾದದ್ದು ಆಗಲೇ.

ಜಾಕ್ಸನ್ ನಗರದ ಕಣ್ಣಿನ ಡಾಕ್ಟರ್ ಪೆಟ್ರಿ ಗಟ್ಟಿ ಹೆಂಗಸು, ಮಾತು ಕಡಿಮೆ. ಎರಡೂ ಕಣ್ಣಿಗೆ ಹನಿ ಹಾಕಿ, ತೀಕ್ಷ್ಣ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಅರ್ಡೆಲ್ಲಾ ಕೈಚೀಲ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು.

"ಎಡಗಡೆ ತೆಳುಪರದೆ ಕಿತ್ತು ಬಂದಿದೆ" ಎಂದರು ಡಾಕ್ಟರು. "ಆಪರೇಷನ್ ಮಾಡ್ತೀನಿ, ಆದ್ರೆ ಮಾತು ಕೊಡಲ್ಲ. ಬಲಗಡೆನೂ ಶುರುವಾಗಿದೆ. ಅಲ್ಲಿ ಲೇಸರ್ ಹಾಕಿದ್ರೆ ಉಳೀಬಹುದು. ಇಷ್ಟು ದಿನ ಏನ್ ಮಾಡ್ತಿದ್ರಿ?"

"ರಕ್ತ ಇಳ್ದಿದೆ ಅಂದ್ಕೊಂಡ್ವಿ" ಎಂದಳು ವರ್ನಿಟಾ.

"ಇಳಿಯೋದಾ? ಬೆಳಿಗ್ಗೆ ತೆಗೆದ ರಕ್ತದ ವರದಿ ಬಂದಿದೆ, ನಿಮ್ಮ ರಕ್ತ ಗಟ್ಟಿ ಇದೆ. ಈ ಕಾಯಿಲೆಯವರಿಗೆ ಇರಬೇಕಾದ್ದಕ್ಕಿಂತ ಗಟ್ಟಿ."

ಅರ್ಡೆಲ್ಲಾ ನೆಟ್ಟಗೆ ಕೂತಳು. "ಅದನ್ನ ನಾನೇ ಬೆಳೆಸಿದ್ದು ಡಾಕ್ಟ್ರೇ. ಇವಳದು ಯಾವತ್ತೂ ಒಳ್ಳೆ ರಕ್ತ."

"ಅದೇ ತೊಂದ್ರೆ ಆಗಿರೋದಮ್ಮ" ಎಂದರು ಡಾಕ್ಟರು, ದನಿ ಸ್ವಲ್ಪ ಮೆತ್ತಗೆ ಮಾಡಿಕೊಂಡು.

ಆಮೇಲೆ ಒಂದು ಕಣ್ಣಿನ ಚಿತ್ರ ಬರೆದು ತೋರಿಸಿದರು. ಟೆರೆಲ್‌ನಂಥವರ ರಕ್ತ ತೆಳು, ನೋವು ಜಾಸ್ತಿ, ಕಣ್ಣು ಎಷ್ಟೋ ಸಲ ಉಳಿಯುತ್ತದೆ. ವರ್ನಿಟಾಳಂಥವರದು ನೋವು ಕಡಿಮೆ, ರಕ್ತ ಮಂದ. ಆ ಮಂದ ರಕ್ತ ಕಣ್ಣಿನ ಹಿಂಬದಿಯ ಕೂದಲೆಳೆಯಂಥ ನಾಳಗಳ ತುದಿಗೆ ಹೋಗಿ ನಿಂತುಬಿಡುತ್ತದೆ. ಆಚೆಗಿನ ಜಾಗ ಹಸಿದು, ಹೊಸ ನಾಳ ಬರಲಿ ಎಂದು ಕೂಗು ಹಾಕುತ್ತದೆ. ಬರುವುದೂ ಉಂಟು. ಆದರೆ ಅವು ಬರಗಾಲದಲ್ಲಿ ಹುಟ್ಟಿದ ನಾಳಗಳು, ಗೋಡೆ ಗಟ್ಟಿಯಿಲ್ಲ, ಮುಟ್ಟಿದರೆ ಒಡೆಯುತ್ತವೆ. ಒಡೆದು ಕಣ್ಣೊಳಗೆ ಸುರಿದ ರಕ್ತವೇ ಅವಳು ಕಂಡ ಮಸಿ. ಗಾಯ ಮಾಯುವಾಗ ಸುಕ್ಕಾಗುತ್ತದೆ, ಸುಕ್ಕಾಗುವಾಗ ಪರದೆಯನ್ನು ಹಿಡಿದೆಳೆಯುತ್ತದೆ. ಇಷ್ಟೆಲ್ಲ ಆಗುವಾಗ ಒಂದಿಷ್ಟೂ ನೋವಿರುವುದಿಲ್ಲ.

"ಬೀಟ್‌ರೂಟ್ ತಿಂದಿದ್ದಕ್ಕೆ ಹಿಂಗಾಯ್ತಾ?" ಅರ್ಡೆಲ್ಲಾ ಕೇಳಿದಳು.

"ತಿಂದಿದ್ದಕ್ಕೆ ಕಾಯಿಲೆ ಬರಲ್ಲಮ್ಮ, ಇದು ಹುಟ್ಟಿನಿಂದ ಬಂದದ್ದು. ಟಾನಿಕ್ ಮಾತ್ರ ಇನ್ನು ಬೇಡ. ವರ್ಷಕ್ಕೊಂದ್ಸಲ ಕಣ್ಣು ತೋರಿಸಿದ್ರೆ ಸಾಕಿತ್ತು." ಡಾಕ್ಟರು ಕೈ ತೊಳೆಯುತ್ತಾ ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಹಿಂಗೆ ಕಣ್ಣು ಹೋಗಿತ್ತಾ?"

"ಇಲ್ಲ" ಎಂದಳು ಅರ್ಡೆಲ್ಲಾ, ಥಟ್ಟನೆ.

ವರ್ನಿಟಾ ಅವಳತ್ತ ತಿರುಗಿದಳು, ಆಮೇಲೆ ತಾನೂ ಇಲ್ಲವೆಂದು ತಲೆಯಾಡಿಸಿದಳು. ಕುಡಿದು ಕಳೆದುಕೊಂಡ ಕಣ್ಣು ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವಳೂ ನಂಬಿದ್ದಳು.

ಆಪರೇಷನ್ನಿಗೆ ಮುಂಚೆ ರಕ್ತ ಬದಲಿಸಬೇಕಾಯಿತು. ಒಂದು ಕೈಯಿಂದ ಅವಳದನ್ನು ತೆಗೆದು, ಇನ್ನೊಂದು ಕೈಗೆ ಯಾರದೋ ಒಳ್ಳೆಯ ದುಂಡು ಕಣಗಳನ್ನು ಕೊಡುತ್ತಾರೆ. ಮಧ್ಯಾಹ್ನವಿಡೀ ಯಂತ್ರದ ಪಕ್ಕದ ಕುರ್ಚಿಯಲ್ಲಿ ಒರಗಿರಬೇಕು. ತಾಯಿ ಹೊರಗೆ ಬೆಂಚಿನ ಮೇಲಿದ್ದಳು. ತಾಯಿ ಹಟ ಹಿಡಿದು ಬೆಳೆಸಿದ ರಕ್ತ ಕಪ್ಪುಕಪ್ಪಾಗಿ ಕೊಳವೆಯಲ್ಲಿ ಹೊರಟುಹೋಗುವುದನ್ನು ವರ್ನಿಟಾ ಬಲಗಣ್ಣಿನಿಂದ ನೋಡುತ್ತಿದ್ದಳು.

ಬೇರೆ ಕೆಲಸವಿಲ್ಲದ್ದಕ್ಕೆ, ಹೆತ್ತವರ ಗುಣ ಮಕ್ಕಳಿಗೆ ಹೇಗೆ ಬರುತ್ತದೆಂದು ಲೆಕ್ಕ ಹಾಕಲು ಕಾಲೇಜಿನಲ್ಲಿ ಕಲಿತ ಚೌಕವನ್ನು ಮನಸ್ಸಿನಲ್ಲೇ ಬರೆದಳು. ತಾಯಿಯ ಗುಣ ಮೇಲೆ, ತಂದೆಯ ಗುಣ ಪಕ್ಕಕ್ಕೆ. ತಾಯಿಯದು ಟೆರೆಲ್ ಹುಟ್ಟಿದಾಗಲೇ ಪರೀಕ್ಷೆಯಾಗಿತ್ತು. ಒಂದು ಕುಡುಗೋಲು, ಒಂದು ಸರಿಯಾದದ್ದು. ಅಪ್ಪನದನ್ನು ಯಾರೂ ನೋಡಿರಲಿಲ್ಲ. ಟೆರೆಲ್‌ಗೆ ಎರಡು ಕುಡುಗೋಲು ಬರಬೇಕಾದರೆ ಒಂದು ಅಪ್ಪನಿಂದ ಬಂದಿರಬೇಕು. ಸರಿ. ತನ್ನಲ್ಲಿರುವ ಸಿ ತಾಯಿಯಲ್ಲಿಲ್ಲ. ಹಾಗಾದರೆ ಅದೂ ಅಪ್ಪನದೇ. ಅಂದರೆ ಅಪ್ಪನಲ್ಲಿ ಎರಡೂ ಇದ್ದವು, ಒಂದು ಕುಡುಗೋಲು, ಒಂದು ಸಿ.

ತನ್ನ ಹಾಗೆಯೇ.

ಅವಳಿಗೆ ಯಂತ್ರದ ಸದ್ದು ಕೇಳಿಸದಾಯಿತು. ಅಪ್ಪ ಮುಖದ ಮುಂದೆ ಕೈ ಆಡಿಸುತ್ತಿದ್ದ, ನೊಣ ಓಡಿಸುವವನಂತೆ. ನೊಣ ಇರುತ್ತಿರಲಿಲ್ಲ. ಓಣಿಯ ಮಕ್ಕಳು ಅದನ್ನು ಅಣಕಿಸಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. "ಮಸಿ ಬೀಳ್ತಾ ಇದೆ ಪುಟ್ಟಾ, ಯಾರೋ ಮಸಿ ಸುರೀತಿದಾರೆ" ಎನ್ನುತ್ತಿದ್ದ. ಮೊದಲು ಒಂದು ಕಣ್ಣು ಹೋಯಿತು, ಬಹಳ ದಿನ ಕಳೆದು ಇನ್ನೊಂದು. ಕೆಟ್ಟ ಭಟ್ಟಿ ಕುಡಿದವರ ಕಣ್ಣು ಹಾಗೆ ಕಂತಿನಲ್ಲಿ ಹೋಗುವುದಿಲ್ಲ, ಎರಡೂ ಒಟ್ಟಿಗೇ ಹೋಗುತ್ತವೆ. ಇದೂ ಅದೇ ಕಣ್ಣಿನ ಅಧ್ಯಾಯದಲ್ಲೇ ಇತ್ತು. ಅದಕ್ಕೂ ಅವಳಿಗೆ ಅಂಕ ಬಂದಿತ್ತು.

ಸೂಜಿ ಚುಚ್ಚಿದ ಎರಡೂ ಕೈ ಅಲ್ಲಾಡಿಸುವಂತಿರಲಿಲ್ಲ. ಕಣ್ಣೀರು ಒರೆಸಿಕೊಳ್ಳಲಾಗದೆ ಹಾಗೇ ಬಿಟ್ಟಳು.

ಆಪರೇಷನ್ ಆಯಿತು. ಕಿತ್ತ ಪರದೆಯನ್ನು ಮತ್ತೆ ಹಿಂಬದಿಗೆ ಅಂಟಿಸಲು ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದ್ದರು. ಗುಳ್ಳೆ ಮೇಲಕ್ಕೇ ಏರುತ್ತದಲ್ಲ, ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಸದಾ ನೆಲ ನೋಡುತ್ತಿರಬೇಕು. ಊಟ, ಮಾತು, ನಿದ್ದೆ ಎಲ್ಲ ಬೋರಲಾಗಿಯೇ. ತಲೆ ಎತ್ತಿದರೆ ಗುಳ್ಳೆ ಜಾರುತ್ತದೆ, ಪರದೆ ಮತ್ತೆ ಬಿಡುತ್ತದೆ. "ನನ್ನ ಕೆಲಸ ಅರ್ಧ, ಉಳಿದರ್ಧ ನಿಮ್ಮ ಕತ್ತಿಂದು" ಎಂದು ಡಾಕ್ಟರು ಹೇಳಿ ಕಳಿಸಿದರು. ಮುಖ ಇಡಲು ನಡುವೆ ತೂತಿದ್ದ ಒಂದು ಕುರ್ಚಿಯನ್ನು ಮನೆಗೆ ತಂದರು. ಆ ತೂತಿನಿಂದ ವರ್ನಿಟಾಗೆ ಕಾಣುತ್ತಿದ್ದದ್ದು ನಡುಮನೆಯ ನೆಲ, ಮತ್ತು ಆಗಾಗ ತಾಯಿಯ ಪಾದ.

ಅರ್ಡೆಲ್ಲಾ ಎಂದೂ ಇಲ್ಲದಷ್ಟು ಮಾಡಿದಳು. ನಳಿಗೆಯಲ್ಲಿ ಸೂಪು ಕುಡಿಸಿದಳು, ಕತ್ತು ನೀವಿದಳು, ಟೆರೆಲ್‌ಗೆ ಹಾಡುತ್ತಿದ್ದ ಹಾಡುಗಳನ್ನೆಲ್ಲ ಹಾಡಿದಳು. ವರ್ನಿಟಾಗೆ ಅದು ಬೇಕಾಗಿತ್ತು, ಮೂವತ್ತು ವರ್ಷದಿಂದ ಬೇಕಾಗಿತ್ತು. ಅದೇ ಹೊತ್ತಿಗೆ ಸಿಟ್ಟೂ ಬರುತ್ತಿತ್ತು. ಕಣ್ಣು ಕೊಟ್ಟು ಕೊಳ್ಳಬೇಕಾಯಿತಲ್ಲ ಇದನ್ನು ಎಂದು.

ಭಾನುವಾರ ಮಧ್ಯಾಹ್ನ ತೂತಿನ ಕೆಳಗೆ ಬಿಳಿ ಬೂಟು ಬಂದು ನಿಂತವು. ಚರ್ಚಿನಿಂದ ಬಂದವಳು ಇನ್ನೂ ಬಿಚ್ಚಿರಲಿಲ್ಲ.

"ಎಲ್ಲರೂ ಕೇಳಿದ್ರು ನಿನ್ನ. ಲೂಡಿ ಕೋಳಿ ಕಳ್ಸಿದಾಳೆ. ತಪ್ಪು ಮಾತಾಡ್ದೆ ಅಂತ ಅತ್ಲು ಪಾಪ."

"ಅಮ್ಮ, ಕೂತ್ಕೋ. ಒಂದು ವಿಷಯ ಹೇಳ್ಬೇಕು."

"ಕೂತ್ರೆ ಏಳೋಕಾಗಲ್ಲ ನಂಗೆ. ಹೇಳು."

"ಟೆರೆಲ್‌ಗೆ ಎರಡು ಕುಡುಗೋಲು. ಒಂದು ನಿಂದು. ಇನ್ನೊಂದು?"

"ನಿಮ್ಮಪ್ಪಂದು. ಇದೇನು ಹೊಸದಾ?"

"ನಂದು ಒಂದು ಕುಡುಗೋಲು, ಒಂದು ಸಿ. ಸಿ ನಿನ್ನಲ್ಲಿಲ್ಲ."

"ಇಲ್ಲ."

"ಹಂಗಾದ್ರೆ ಅದೂ ಅಪ್ಪಂದೇ. ಎರಡೂ ಇತ್ತು ಅವನ ಮೈಯಲ್ಲಿ. ನಂದು ಯಾವ ಕಾಯಿಲೆಯೋ ಅವಂದೂ ಅದೇ ಅಮ್ಮ."

ಬೂಟು ಅಲ್ಲಾಡಲಿಲ್ಲ.

"ಅವನು ಕುಡೀತಿದ್ದ" ಎಂದಳು ಅರ್ಡೆಲ್ಲಾ.

"ಕುಡೀತಿದ್ದ. ಶನಿವಾರ ಶನಿವಾರ ಎಲ್ಲರೂ ಕುಡೀತಿದ್ರು. ಅವರ್ಯಾರ ಕಣ್ಣೂ ಹೋಗ್ಲಿಲ್ಲ. ಮಸಿ ಬೀಳ್ತಿದೆ ಅಂತಿದ್ದ ಅವನು, ನೆನಪಿದೆಯಾ? ನಾನು ನಿಂಗೆ ಹೇಳಿದ್ದೂ ಅದೇ ಮಾತು."

ತಾಯಿಯ ಮುಖ ಹೇಗಾಗಿದೆಯೋ ಅವಳಿಗೆ ಕಾಣುವಂತಿರಲಿಲ್ಲ. ಕಂಡಿದ್ದರೆ ಹೇಳುತ್ತಿರಲಿಲ್ಲವೋ ಏನೋ. ಬಿಳಿ ಬೂಟು ತಿರುಗಿ ತೂತಿನಿಂದ ಮರೆಯಾದವು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನೀರು ಸುಮ್ಮನೆ ಹರಿಯುತ್ತಲೇ ಇತ್ತು, ಪಾತ್ರೆಯ ಸದ್ದಿಲ್ಲ. ಹೇಳಬಾರದಿತ್ತು ಎಂದು ವರ್ನಿಟಾಗೆ ಅನ್ನಿಸಿತು. ಹೇಳಿದ್ದು ಸರಿಯೆಂದೂ ಅನ್ನಿಸಿತು.

ನಲ್ಲಿ ನಿಂತಿತು. ಬೂಟು ಮತ್ತೆ ಬಂದವು. ಮೊದಲು ಒಂದು ದಿಂಬು ನೆಲಕ್ಕೆ ಬಿತ್ತು. ಆಮೇಲೆ ಒಂದು ಮಂಡಿ ಊರಿತು, ಒಂದು ಕೈ ಊರಿತು. ಉಸ್ಸೆನ್ನುತ್ತಾ ಎಪ್ಪತ್ತು ದಾಟಿದ ಆ ಹೆಂಗಸು ಬಿಳಿ ಉಡುಪಿನಲ್ಲೇ ನೆಲದ ಮೇಲೆ ಅಂಗಾತ ಮಲಗಿ, ತೂತಿನ ನೇರಕ್ಕೆ ತಲೆ ಸರಿಸಿಕೊಂಡಳು. ಟೋಪಿ ಓರೆಯಾಗಿತ್ತು. ಮುಖ ಒದ್ದೆಯಾಗಿತ್ತು.

"ಆ ದಿನ ಅವನು ಕುಡಿದಿರ್ಲಿಲ್ಲ" ಎಂದಳು.

"ಯಾವ ದಿನ?" ಎಂದಳು ವರ್ನಿಟಾ.

"ನಾನು ಅವನನ್ನ ಕಳಿಸಿದ್ನಲ್ಲ, ಆ ದಿನ. ಮಟಮಟ ಮಧ್ಯಾಹ್ನ. ಅಡುಗೆಮನೆ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ದ. ‘ಅರ್ಡೆಲ್ಲಾ, ಎಲ್ಲಿದೀಯ?’ ಅಂದ. ನಾನು ಎದುರಿಗೇ ಇದ್ದೆ ಕಣೇ. ಕೈ ಚಾಚಿದ್ರೆ ಸಿಗ್ತಿದ್ದೆ. ನಾಟಕ ಮಾಡ್ತಾನೆ ಅಂದ್ಕೊಂಡೆ. ಸುಮ್ನೆ ನಿಂತೆ."

"ಬಾಯಿ ವಾಸನೆ ಇತ್ತಾ?"

"ಕಾಫಿ ವಾಸನೆ" ಎಂದಳು ಅರ್ಡೆಲ್ಲಾ. "ಇನ್ನೊಂದ್ಸಲ ಕೇಳ್ದ, ‘ಎಲ್ಲಿದೀಯ?’ ಅಂತ. ಟೆರೆಲ್ ಆಸ್ಪತ್ರೆಲಿದ್ದ, ನಂಗೆ ನಿದ್ದೆ ಇರ್ಲಿಲ್ಲ, ಇನ್ನೊಬ್ಬ ರೋಗಿ ನಂಗೆ ಬೇಡವಾಗಿದ್ದ. ಕುಡುಕ ಆದ್ರೆ ಕಳಿಸ್ಬಹುದಿತ್ತು. ಅದಕ್ಕೆ ಕುಡುಕ ಅಂದೆ. ಅವನು ಗೋಡೆ ಸವರ್ಕೊಂಡು ಮೆಟ್ಲು ಇಳಿದ. ನಾನು ಮಾತಾಡ್ಲೇ ಇಲ್ಲ."

ವರ್ನಿಟಾಳ ಬಲಗಣ್ಣಿನ ನೀರು ನೇರ ಕೆಳಗೆ ತಾಯಿಯ ಕೆನ್ನೆಗೆ ಬಿತ್ತು. ಅರ್ಡೆಲ್ಲಾ ಒರೆಸಿಕೊಳ್ಳಲಿಲ್ಲ. ಬಾಯ್ತುಂಬ ಬೈಯಬೇಕೆಂದು ವರ್ನಿಟಾಗೆ ಅನ್ನಿಸಿತು. ಅಪ್ಪನ ಪರವಾಗಿ, ತನ್ನ ಪರವಾಗಿ. ಆದರೆ ಕೆಳಗೆ ಬಿದ್ದಿದ್ದ ಮುದುಕಿ ಈಗ ಸದ್ದು ಮಾಡಿ ಅಳುತ್ತಿದ್ದಳು. ಏಳಲು ಹೋದಳು, ಆಗಲಿಲ್ಲ. ಮಗ್ಗುಲಾದಳು, ಮಂಡಿ ಮಡಚಲಿಲ್ಲ. "ಎಬ್ಸೇ ನನ್ನ" ಎಂದವಳು ಮರುಕ್ಷಣವೇ, "ಬೇಡ ಬೇಡ, ತಲೆ ಎತ್ತಬೇಡ, ಕಣ್ಣು ಹೋಗುತ್ತೆ, ಎತ್ತಬೇಡ" ಎಂದು ಕೂಗಿಕೊಂಡಳು.

ವರ್ನಿಟಾ ತಲೆ ಎತ್ತಲಿಲ್ಲ. ಮುಖ ಕೆಳಗೇ ಇಟ್ಟುಕೊಂಡು, ಕುರ್ಚಿಯನ್ನು ತಬ್ಬಿ ಹಿಡಿದು, ಸ್ವಲ್ಪಸ್ವಲ್ಪವೇ ಜಾರಿ ನೆಲಕ್ಕೆ ಬಂದಳು. ಬೋರಲಾಗಿ ಮಲಗಿ, ತಡವರಿಸಿ, ತಾಯಿಯ ಕೈ ಹುಡುಕಿ ಹಿಡಿದುಕೊಂಡಳು. ಒಬ್ಬಳು ಮೇಲೆ ನೋಡುತ್ತಾ, ಒಬ್ಬಳು ನೆಲ ನೋಡುತ್ತಾ, ಇಬ್ಬರೂ ನಡುಮನೆಯಲ್ಲಿ ಬಹಳ ಹೊತ್ತು ಹಾಗೇ ಬಿದ್ದುಕೊಂಡಿದ್ದರು. ಲೂಡಿ ಬಂದು ಬಾಗಿಲು ತಟ್ಟಿದ ಮೇಲೇ ಎದ್ದದ್ದು.

ಎಡಗಣ್ಣು ಉಳಿಯಲಿಲ್ಲ. ಗುಳ್ಳೆ ಕರಗಿದ ಮೇಲೆ ಡಾಕ್ಟರ್ ಪೆಟ್ರಿ ಅದರ ಮುಂದೆ ಬೆರಳು ಹಿಡಿದರು. ಎಷ್ಟು ಬೆರಳೆಂದು ವರ್ನಿಟಾಗೆ ಹೇಳಲಾಗಲಿಲ್ಲ. ಏನೋ ಅಲ್ಲಾಡಿತು ಎಂದಳು, ಅಷ್ಟೇ. ಬಲಗಣ್ಣಿನ ಲೇಸರ್ ಹಿಡಿದಿದೆ, ಸದ್ಯಕ್ಕೆ ಭಯವಿಲ್ಲ ಎಂದರು.

ಹೊರಗೆ ಬಿಸಿಲಿತ್ತು. ಕಾರು ನಿಲ್ಲಿಸಿದ ಜಾಗ ದೂರ. ಅರ್ಡೆಲ್ಲಾ ಮಗಳ ಎಡಗಡೆಗೆ ಬಂದು ತೋಳು ಹಿಡಿದು ನಡೆದಳು. ಹೊರಟಾಗಿನಿಂದ ಒಂದೇ ಸಮನೆ ಮಾತು. "ಇಲ್ಲೊಂದು ಮೆಟ್ಲಿದೆ ನೋಡ್ಕೊ. ಕೆಂಪು ಕಾರು ಬರ್ತಿದೆ, ಹೋಗ್ಲಿ ಇರು. ಆ ಹೆಂಗಸಿನ ಟೋಪಿ ನೋಡ್ಬೇಕಿತ್ತು ನೀನು, ಕೋಳಿ ಕಾವಿಗೆ ಕೂತಂಗಿದೆ. ಮ್ಯಾಗ್ನೋಲಿಯಾ ಹೂವೆಲ್ಲ ಉದುರೋಗಿದೆ." ಬಯಲಿನ ನಡುವೆ ಬಂದಾಗ ಹೇಳಲು ಅವಳಿಗೆ ಏನೂ ಉಳಿಯಲಿಲ್ಲ, ಬರೀ ಡಾಂಬರು, ಬರೀ ಬಿಸಿಲು. ಆದರೂ ಅವಳು ಬಾಯಿ ಮುಚ್ಚಲಿಲ್ಲ. "ಇಲ್ಲಿದೀನಿ" ಎಂದಳು. ನಾಲ್ಕು ಹೆಜ್ಜೆ ನಡೆದು ಮತ್ತೆ "ಇಲ್ಲೇ ಇದೀನಿ" ಎಂದಳು. ಯಾರಿಗೆ ಹೇಳುತ್ತಿದ್ದಾಳೆಂದು ವರ್ನಿಟಾ ಕೇಳಲಿಲ್ಲ. ಕಾರಿನ ಬಾಗಿಲು ಸಿಗುವವರೆಗೂ ಅರ್ಡೆಲ್ಲಾ ಅದನ್ನೇ ಹೇಳುತ್ತಿದ್ದಳು.